ಕರಾವಳಿಯ ಎರಡು ಮಳೆಗಾಲ ಕಂಡ ರೋಲ್ಯಾಂಡ್ ಇವಿ-5

ಮಂಗಳೂರಿನ ಕಂಕನಾಡಿ ಕಡೆಯ ಇಗರ್ಜಿಯೊಂದರ ಗಾಯನ ಮಂಡಳಿಯಲ್ಲಿಯೂ, ಮದುವೆಯ ಮುನ್ನ ನಡೆಯುವ ರೋಸ್ ಸಮಾರಂಭಗಳಲ್ಲಿ ಹಾಡುವ ತಂಡವೊಂದರಲ್ಲಿಯೂ ನಾನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಎರಡು ವರ್ಷಗಳ ಹಿಂದೆ ಹಂಪನಕಟ್ಟೆಯ ವಾದ್ಯದಂಗಡಿಯೊಂದರಲ್ಲಿ ಕೊಂಡ, ಪಾದದಿಂದ ಒತ್ತಿ ಗಿಟಾರಿನ ಎಫೆಕ್ಟುಗಳನ್ನು ಹೆಚ್ಚು ಕಡಿಮೆ ಮಾಡುವ ರೋಲ್ಯಾಂಡ್ ಇವಿ-5 ಎಕ್ಸ್‌ಪ್ರೆಶನ್ ಪೆಡಲ್ ಅಂದಿನಿಂದ ಎರಡು ಪೂರ್ಣ ಮಳೆಗಾಲಗಳನ್ನು ನನ್ನ ಕಾಲಡಿಯಲ್ಲಿ ಕಳೆದಿದೆ. ಬಾಸ್ ಅಥವಾ ರೋಲ್ಯಾಂಡ್ ಸಂಸ್ಥೆಯ, ಗಿಟಾರಿನ ನಾದವನ್ನು ಮಾರ್ಪಡಿಸುವ ಎಫೆಕ್ಟ್ ಉಪಕರಣಗಳನ್ನು ಬಳಸುವ ನಮ್ಮೂರಿನ ಗಿಟಾರ್ ವಾದಕರು ಇದನ್ನು ಕೊಳ್ಳಬಹುದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಪೆಟ್ಟಿಗೆಯಿಂದ ತೆಗೆದು ಚುಚ್ಚಿ ನುಡಿಸತೊಡಗಿದರೆ ಇದರ ಅರ್ಧ ಪ್ರಯೋಜನವೂ ಸಿಗುವುದಿಲ್ಲವಾದ್ದರಿಂದ, ಪೆಡಲಿನ ಗುಣದೋಷಗಳಷ್ಟೇ ಅದನ್ನು ಹೊಂದಿಸುವ ಕ್ರಮದ ಬಗೆಗೂ ಇಲ್ಲಿ ಬರೆಯುತ್ತಿದ್ದೇನೆ.

ಎಕ್ಸ್‌ಪ್ರೆಶನ್ ಪೆಡಲನ್ನೂ ವಾಲ್ಯೂಮ್ ಪೆಡಲನ್ನೂ ಒಂದೇ ಎಂದು ತಿಳಿದು ಕೊಂಡವರನ್ನು ನಾನು ಕಂಡಿದ್ದೇನೆ. ವಾಲ್ಯೂಮ್ ಪೆಡಲಿನಲ್ಲಿ ಗಿಟಾರಿನ ನಾದವೇ ಹರಿದುಹೋಗುತ್ತದೆ. ಎಕ್ಸ್‌ಪ್ರೆಶನ್ ಪೆಡಲಿನಲ್ಲಿ ನಾದದ ಒಂದು ಎಳೆಯೂ ಹರಿಯುವುದಿಲ್ಲ. ಅದರೊಳಗಿರುವುದು ಒಂದು ಪೊಟೆನ್ಶಿಯೋಮೀಟರ್, ಅಂದರೆ ಪ್ರಮಾಣ ಬದಲಿಸಬಹುದಾದ ವಿದ್ಯುತ್ ರೋಧಕ, ಮಾತ್ರ. ಎಫೆಕ್ಟ್ ಉಪಕರಣವು ತಾನೇ ಸಣ್ಣದೊಂದು ವೋಲ್ಟೇಜನ್ನು ಕಳುಹಿಸಿ, ಪಾದದ ಸ್ಥಾನಕ್ಕೆ ತಕ್ಕಂತೆ ಅದರಲ್ಲಿ ಎಷ್ಟು ಭಾಗ ಹಿಂದಿರುಗಿತು ಎಂದು ಅಳೆದು, ಆ ಅಳತೆಯಂತೆ ಡಿಲೇ (ಮರುಧ್ವನಿ), ರಿವರ್ಬ್ (ದೊಡ್ಡ ಕೋಣೆಯಂಥ ಅನುರಣನ) ಅಥವಾ ವಾ (ನಾದದ ಬಣ್ಣ ಬದಲಿಸುವ) ಪರಿಣಾಮದ ಗುಂಡಿಯನ್ನು ನಮ್ಮ ಪರವಾಗಿ ತಿರುಗಿಸುತ್ತದೆ. ಹೀಗಾಗಿ ಪೆಡಲಿನಿಂದ ಗಿಟಾರಿನ ಸ್ವರ ಮಂಕಾಗುವ ಭಯವಿಲ್ಲ. ಈ ಕೆಲಸಕ್ಕೆ ಮೂರು ಸಂಪರ್ಕಗಳುಳ್ಳ ಟಿಆರ್‌ಎಸ್ ಪ್ಲಗ್ ಬೇಕು. ಗಿಟಾರಿಗೆ ಬಳಸುವ ಎರಡು ಸಂಪರ್ಕದ ಸಾಮಾನ್ಯ ಕೇಬಲ್ ಇಲ್ಲಿ ನಡೆಯುವುದಿಲ್ಲ. ಇವಿ-5ರಲ್ಲಿ ಟಿಆರ್‌ಎಸ್ ಕೇಬಲ್ ಪೆಡಲಿಗೇ ಕೂಡಿಕೊಂಡು ಬರುವುದರಿಂದ ತಪ್ಪು ಕೇಬಲ್ ಚುಚ್ಚುವ ಪ್ರಸಂಗವೇ ಬಾರದು.

ಇನ್ನೊಂದು ಎಚ್ಚರಿಕೆ ಸಂಪರ್ಕಗಳ ಜೋಡಣೆಯದು. ಪೊಟೆನ್ಶಿಯೋಮೀಟರಿನ ಚಲಿಸುವ ತುದಿಯನ್ನು ಪ್ಲಗ್ಗಿನ ಯಾವ ಸಂಪರ್ಕಕ್ಕೆ ಜೋಡಿಸಬೇಕು ಎಂಬುದರಲ್ಲಿ ಎಲ್ಲ ತಯಾರಕರೂ ಒಂದೇ ಕ್ರಮವನ್ನು ಅನುಸರಿಸುವುದಿಲ್ಲ. ಯಮಹಾದ ಎಫ್‌ಸಿ7 ಪೆಡಲಿನ ಕ್ರಮ ಇವಿ-5ರ ಕ್ರಮಕ್ಕೆ ವಿರುದ್ಧವಾದುದು. ಮನೆಯಲ್ಲಿ ಕೀಬೋರ್ಡಿಗಾಗಿ ತಂದಿಟ್ಟ ಯಮಹಾ ಪೆಡಲನ್ನು ಬಾಸ್ ಉಪಕರಣಕ್ಕೆ ಚುಚ್ಚಿದಾಗ ಚಲನೆಯೆಲ್ಲ ಒಂದು ಕೊನೆಯಲ್ಲೇ ಕಿಕ್ಕಿರಿದಂತೆ ಅನಿಸಿದರೆ ಪೆಡಲು ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ಜೋಡಣೆಯ ಕ್ರಮ ಹೊಂದಿಲ್ಲ ಎಂದಷ್ಟೇ ಅದರ ಅರ್ಥ. ಎಂ-ಆಡಿಯೋದ ಇಎಕ್ಸ್-ಪಿ ಪೆಡಲಿನಲ್ಲಿ ಈ ಕ್ರಮವನ್ನು ಬದಲಿಸಲು ಸ್ವಿಚ್ ಇದೆ. ಇವಿ-5ರಲ್ಲಿ ಅದಿಲ್ಲ. ಬೇರೆ ಬೇರೆ ಸಂಸ್ಥೆಗಳ ಉಪಕರಣಗಳನ್ನು ಕೂಡಿಸಿ ಬಳಸುವವರಿಗೆ ಇದು ಗಣನೀಯ ಕೊರತೆಯೇ ಸರಿ.

ನಾನು ಇದನ್ನು ಹಲವು ಎಫೆಕ್ಟುಗಳುಳ್ಳ ಬಾಸ್ ಜಿಟಿ-1 ಉಪಕರಣದ ಜೊತೆಗೆ ಬಳಸುತ್ತೇನೆ. ಜಿಟಿ-1ರಲ್ಲಿ ಸ್ವಂತದ್ದೊಂದು ಪೆಡಲು ಇದ್ದರೂ ಅದನ್ನು ವಾಲ್ಯೂಮಿಗೂ ವಾ ಪರಿಣಾಮಕ್ಕೂ ಮೀಸಲಿಟ್ಟು, ಹಿಂಬದಿಯ ಜ್ಯಾಕಿಗೆ ಇವಿ-5 ಅನ್ನು ಎರಡನೆಯ ಪೆಡಲಾಗಿ ಜೋಡಿಸಿಕೊಂಡಿದ್ದೇನೆ. ಮೊದಲ ವಾರ ಎಲ್ಲರಂತೆ ನಾನೂ ಡಿಲೇಯ ಪ್ರಮಾಣವನ್ನು ಸೊನ್ನೆಯಿಂದ ಗರಿಷ್ಠದವರೆಗೆ ಪೆಡಲಿಗೆ ಒಪ್ಪಿಸಿದ್ದೆ. ಪಾದ ಒಂದು ಬೆರಳಿನಗಲ ಸರಿದರೂ ನಾದ ಒಣಕಲಿನಿಂದ ಪ್ರವಾಹಕ್ಕೆ ಜಿಗಿಯುತ್ತಿತ್ತು. ನಡುವಿನ ಸ್ಥಾನಗಳು ಕಾಲಿಗೆ ಸಿಗುತ್ತಲೇ ಇರಲಿಲ್ಲ. ಪೆಡಲು ಯಾವುದನ್ನು ಬದಲಿಸಬೇಕೆಂದು ಗೊತ್ತುಮಾಡುವ ಜಿಟಿ-1ರ ಅಸೈನ್ ವಿಭಾಗದಲ್ಲಿ ಕನಿಷ್ಠ ಮತ್ತು ಗರಿಷ್ಠ ಮೌಲ್ಯಗಳನ್ನು ನಾವೇ ನಿಗದಿಪಡಿಸಬಹುದು ಎಂಬುದನ್ನು ಆ ಮೇಲೆ ಗಮನಕ್ಕೆ ತಂದುಕೊಂಡು, ಡಿಲೇಯ ಮಟ್ಟವನ್ನು 15ರಿಂದ 55ರೊಳಗೂ, ಮರುಧ್ವನಿಗಳ ಸಂಖ್ಯೆಯನ್ನು ನಿರ್ಧರಿಸುವ ಫೀಡ್‌ಬ್ಯಾಕನ್ನು 20ರಿಂದ 45ರೊಳಗೂ ಕಟ್ಟಿಹಾಕಿದೆ. ಪಾದದ ಇಡೀ ಓಟ ಈಗ ಉಪಯುಕ್ತವಾದ ಆ ಸಣ್ಣ ಹರವಿನ ಮೇಲೆ ಹಾಸಿಕೊಂಡಿರುವುದರಿಂದ ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಪ್ರತಿಯೊಂದು ಸ್ಥಾನಕ್ಕೂ ಬೇರೆಯದೇ ಆದ, ಬಳಸಬಹುದಾದ ನಾದವಿದೆ. ಎಕ್ಸ್‌ಪ್ರೆಶನ್ ಪೆಡಲಿನ ಬಳಕೆಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಸಿಕ್ಕಿಲ್ಲ. ಡಿಲೇಯ ಕಾಲಾವಧಿಯನ್ನು ಮಾತ್ರ ನಾನು ಪೆಡಲಿಗೆ ಕೊಡುವುದಿಲ್ಲ. ಹಾಡಿನ ನಡುವೆ ಅದು ಬದಲಾದರೆ ಮರುಧ್ವನಿಗಳು ತಾಳ ತಪ್ಪುತ್ತವೆ.

ಆಗಸ್ಟ್ 30ರಿಂದ, ಮಾತೆ ಮರಿಯಳ ಜನ್ಮದಿನದ ಹಬ್ಬವಾದ ಮೊಂತಿ ಫೆಸ್ತಿಗೆ ಮುನ್ನ ನೊವೇನಾ ಎಂಬ ಪ್ರಾರ್ಥನೆ ನಡೆಯುವ ಒಂಬತ್ತು ಸಂಜೆಗಳಲ್ಲಿ ಈ ಹೊಂದಾಣಿಕೆಯ ಬೆಲೆ ಏನೆಂದು ನನಗೆ ತಿಳಿಯುತ್ತದೆ. ಪರಮಪ್ರಸಾದದ ಹೊತ್ತಿನ ನಿಧಾನದ ಗೀತೆಯನ್ನು ಹಿಮ್ಮಡಿ ಊರಿ ಬಹುತೇಕ ಶುದ್ಧ ನಾದದಲ್ಲಿ ಆರಂಭಿಸಿ, ಸಾಲು ಉದ್ದವಾಗಿ ನದಿಯಂತೆ ಹಿಗ್ಗುವ ಕೊನೆಯ ಚರಣದಲ್ಲಿ ಪಾದವನ್ನು ನಿಧಾನವಾಗಿ ಮುಂದಕ್ಕೆ ಒತ್ತಿದಾಗ ಗಾಯಕರ ಧ್ವನಿಯ ಹಿಂದೆ ಗಿಟಾರು ಹರಡಿಕೊಳ್ಳುತ್ತದೆ. ರೋಸಿನ ಮಂಟಪದಲ್ಲಿ ಬೈಲಾ ಎಂಬ ಕುಣಿತದ ಲಯ ಶುರುವಾದ ಕೂಡಲೇ ಮರುಧ್ವನಿಯೆಲ್ಲ ಹಿಂದೆ ಸರಿಯಬೇಕು, ಇಲ್ಲವಾದರೆ ಚುರುಕಾದ ಲಯ ಕೆಸರಾಗುತ್ತದೆ. ಆಗ ಹಿಮ್ಮಡಿ ಒಂದೇ ಬಾರಿ ಕೆಳಗಿಳಿಯುತ್ತದೆ. ಹಾಡಿನ ನಡುವೆ ಬಾಗಿ ಗುಂಡಿ ತಿರುಗಿಸುವುದರಿಂದ ಆಗದ ಕೆಲಸ ಇದು.

ಪೆಡಲಿನ ಪಕ್ಕದಲ್ಲಿರುವ ಮಿನಿಮಮ್ ವಾಲ್ಯೂಮ್ ಎಂಬ ಪುಟ್ಟ ಗುಂಡಿಯನ್ನು ಹಲವರು ಗಮನಿಸುವುದೇ ಇಲ್ಲ. ಹಿಮ್ಮಡಿ ಪೂರ್ತಿ ಊರಿದಾಗ ಮೌಲ್ಯ ಎಷ್ಟಕ್ಕೆ ನಿಲ್ಲಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಜಿಟಿ-1ರಂತೆ ಒಳಗೇ ಮಿತಿ ಹಾಕಬಹುದಾದ ಉಪಕರಣಗಳಲ್ಲಿ ಇದನ್ನು ಸೊನ್ನೆಯಲ್ಲಿಡಬೇಕು. ಇಲ್ಲವಾದರೆ ಕೆಳಗಿನ ಮೌಲ್ಯಗಳು ಎಂದೂ ತಲುಪುವುದಿಲ್ಲ. ಬಾಸ್ ಆರ್‌ವಿ-6ರಂಥ ಸರಳ ರಿವರ್ಬ್ ಪೆಡಲಿಗೆ ಜೋಡಿಸಿದಾಗ ಸಂಗತಿ ಬೇರೆ. ಅಲ್ಲಿ ಅಸೈನ್ ಪಟ್ಟಿಯಿಲ್ಲದ ಕಾರಣ, ರಿವರ್ಬ್ ಪೂರ್ತಿ ಆರಿಹೋಗದಂತೆ ತಳಮಟ್ಟವೊಂದನ್ನು ಕಾಯಲು ಈ ಗುಂಡಿಯೇ ಗತಿ. ಮೇಲಿನ ಮಿತಿಗಾಗಿ ನಾನು ಹಳೆಯ ಹವಾಯಿ ಚಪ್ಪಲಿಯ ಒಂದು ತುಂಡನ್ನು ಕತ್ತರಿಸಿ ಪೆಡಲಿನ ಮುಂಭಾಗದ ಅಡಿಯಲ್ಲಿ ಅಂಟಿಸಿದ್ದೇನೆ. ಎಷ್ಟೇ ಉತ್ಸಾಹದಿಂದ ಒತ್ತಿದರೂ ಪಾದ ಅಲ್ಲಿಗೆ ನಿಲ್ಲುತ್ತದೆ.

ಈಗ ದೇಹದಾರ್ಢ್ಯದ ಮಾತು. ಇವಿ-5ರ ಹೊರಮೈ ಪ್ಲಾಸ್ಟಿಕ್ಕಿನದು, ಮತ್ತು ಅದನ್ನು ಕೈಗೆತ್ತಿಕೊಂಡವರು ಮೊದಲು ಆಡುವ ದೂರೂ ಅದೇ. ಘಟ್ಟದ ಮೇಲಿನ ಒಣ ಹವೆಯಲ್ಲಿ ಈ ದೂರಿಗೆ ಅರ್ಥವಿರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ, ಉಪ್ಪುಗಾಳಿ ತಾಗಿದ ಕಬ್ಬಿಣವೆಲ್ಲ ತುಕ್ಕು ಹಿಡಿಯುವ ನಮ್ಮ ತೀರದಲ್ಲಿ ನಾನು ಆ ದೂರನ್ನು ಒಪ್ಪುವುದಿಲ್ಲ. ಇದಕ್ಕೆ ಮೊದಲು ನನ್ನಲ್ಲಿದ್ದ ಬೇರೊಂದು ತಯಾರಕರ ಲೋಹದ ಪೆಡಲಿನ ತಿರುಪುಗಳು ಎರಡನೆಯ ಮಳೆಗಾಲದಲ್ಲೇ ತುಕ್ಕು ಹಿಡಿದು ಬಿಗಿದುಕೊಂಡವು. ತೇವ ಮತ್ತು ಧೂಳು ಸೇರಿ ಪೊಟೆನ್ಶಿಯೋಮೀಟರಿನ ಇಂಗಾಲದ ಪಟ್ಟಿ ಮಲಿನವಾಗಿ, ಪಾದ ಅಲುಗದಿದ್ದರೂ ಮೌಲ್ಯ ಮೇಲೆ ಕೆಳಗೆ ಜಿಗಿಯತೊಡಗಿತು. ಪೂಜೆಯ ನಡುವಿನ ಮೌನದಲ್ಲಿ ಡಿಲೇ ತಾನಾಗಿಯೇ ಉಬ್ಬಿದ ಆ ಸಂಜೆಯನ್ನು ನಾನು ಮರೆತಿಲ್ಲ. ಇವಿ-5ರಲ್ಲಿಯೂ ಇರುವುದು ಪೊಟೆನ್ಶಿಯೋಮೀಟರೇ ಆದ್ದರಿಂದ, ನುಡಿಸಿ ಬಂದ ರಾತ್ರಿ ಅದನ್ನು ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಚೀಲಗಳಿರುವ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಈವರೆಗೆ ಅದರ ಚಲನೆ ನುಣುಪಾಗಿದೆ, ಮೌಲ್ಯ ಸ್ಥಿರವಾಗಿದೆ.

ಹಗುರತನಕ್ಕೆ ಎರಡು ಮುಖಗಳಿವೆ. ಉಡುಪಿಯ ಕಡೆಯ ಮದುವೆಗಳಿಗೆ ಗಿಟಾರು ಹೊತ್ತು ಬಸ್ಸಿನಲ್ಲಿ ಹೋಗುವ ನನಗೆ ಚೀಲದಲ್ಲಿ ಇದರ ಭಾರ ತಿಳಿಯುವುದೇ ಇಲ್ಲ. ಆದರೆ ನುಣುಪಾದ ಗ್ರಾನೈಟ್ ನೆಲದ ಮೇಲೆ ಒತ್ತಿದಷ್ಟೂ ಅದು ಮುಂದೆ ಸರಿಯುವುದರಿಂದ, ಪೆಡಲ್ ಹಲಗೆಗೆ ವೆಲ್ಕ್ರೋ ಹಾಕಿ ಕೂರಿಸುವುದು ಅನಿವಾರ್ಯ. ಹಲಗೆಯ ಬಲತುದಿಯಲ್ಲಿ, ಮುಂಭಾಗ ಸ್ವಲ್ಪ ಹೊರಕ್ಕೆ ವಾಲುವಂತೆ ಇಟ್ಟರೆ ನಿಂತು ನುಡಿಸುವಾಗ ದೇಹದ ಭಾರವನ್ನು ಎಡಗಾಲಿಗೆ ಕೊಟ್ಟು ಬಲಪಾದವನ್ನು ಸಡಿಲವಾಗಿ ಆಡಿಸಬಹುದು. ಕುರ್ಚಿಯಲ್ಲಿ ಕುಳಿತು ನುಡಿಸುವವರು ಹಲಗೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿಕೊಳ್ಳಬೇಕು. ಮೊಣಕಾಲು ಹೆಚ್ಚು ಮಡಿಚಿದ್ದರೆ ಹಿಮ್ಮಡಿ ಪೂರ್ತಿ ಕೆಳಗೆ ಇಳಿಯುವುದಿಲ್ಲ.

ಕೇಬಲ್ ಪೆಡಲಿಗೇ ಅಂಟಿಕೊಂಡಿರುವುದನ್ನು ಆರಂಭದಲ್ಲಿ ಅನುಕೂಲವೆಂದು ಬರೆದೆನಾದರೂ, ಅದು ಎಂದಾದರೂ ಒಳಗೆ ತುಂಡಾದರೆ ಹೊಸದನ್ನು ಚುಚ್ಚಿ ಮುಂದುವರಿಯಲಾಗದು, ಬೆಸುಗೆ ಹಾಕಬಲ್ಲವರನ್ನು ಹುಡುಕಬೇಕು. ಈ ಕಾರಣದಿಂದ ನಾನು ಅದನ್ನು ಪೆಡಲಿಗೆ ಬಿಗಿಯಾಗಿ ಸುತ್ತುವುದಿಲ್ಲ. ಅಗಲವಾದ ಸುರುಳಿ ಮಾಡಿ, ಹೊರಬರುವ ಜಾಗದಲ್ಲಿ ಬಾಗದಂತೆ ಡಬ್ಬಿಯ ಮೇಲ್ಭಾಗದಲ್ಲಿಡುತ್ತೇನೆ.