ಎರಕದ ವ್ಯಾಪಾರಿಗೆ ಯಾವ ಊರು: ಫ್ರಾಂಕ್‌ಫರ್ಟ್, ಹ್ಯಾನೋವರ್, ಡ್ಯೂಸೆಲ್‌ಡಾರ್ಫ್

ಬೆಳಗಾವಿಯ ಉದ್ಯಮಬಾಗದಲ್ಲಿ, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಯಂತ್ರಗಳ ವಾಲ್ವ್‌ಗಳಿಗೆ ಬೇಕಾದ ಕಾಸ್ಟಿಂಗ್ (ಎರಕ ಹೊಯ್ದ ಲೋಹದ ಭಾಗ) ತಯಾರಿಸುವ ನಮ್ಮ ಸಣ್ಣ ಫೌಂಡ್ರಿಗೆ ಗಿರಾಕಿ ಹುಡುಕುವ ಸಲುವಾಗಿ ನಾನು ಮೂರು ಸಲ ಜರ್ಮನಿಗೆ ಹೋಗಿ ಬಂದಿದ್ದೇನೆ. ಮೂರು ಊರುಗಳಲ್ಲಿಯೂ ಸ್ವಂತ ಹಣ ಖರ್ಚು ಮಾಡಿ ಉಳಿದವನಾದ್ದರಿಂದ, ಹೊರಡುವ ತಯಾರಿಯಲ್ಲಿರುವ ನಮ್ಮ ಭಾಗದ ಕಾರ್ಖಾನೆಯವರ ಉಪಯೋಗಕ್ಕೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ವಿಮಾನ ಇಳಿಯಲು ಫ್ರಾಂಕ್‌ಫರ್ಟ್, ಮೇಳ ನೋಡಲು ಹ್ಯಾನೋವರ್, ಬಿಡಾರ ಹೂಡಿ ವ್ಯಾಪಾರ ಮಾಡಲು ಡ್ಯೂಸೆಲ್‌ಡಾರ್ಫ್.

ಫ್ರಾಂಕ್‌ಫರ್ಟ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ನೇರ ವಿಮಾನವಿದೆ, ವಿಮಾನ ನಿಲ್ದಾಣದಲ್ಲಿಯೇ 1999ರಿಂದ ದೂರದ ರೈಲುಗಳ ನಿಲ್ದಾಣವೂ ಇದೆ. 1240ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಇಲ್ಲಿನ ಸಂತೆಗೆ ಬರುವ ವರ್ತಕರಿಗೆ ರಕ್ಷಣೆಯ ಸನ್ನದು ಕೊಟ್ಟಿದ್ದ ಎಂಬಷ್ಟು ಹಳೆಯ ವ್ಯಾಪಾರದ ಊರು ಇದು. ಈಗ ಯುರೋಪಿನ ಕೇಂದ್ರ ಬ್ಯಾಂಕು ಇರುವುದೂ ಇಲ್ಲಿಯೇ. ಬ್ಯಾಂಕಿನವರಿಗೆ ಇದು ತವರುಮನೆ ಇದ್ದಂತೆ. ಎರಕದವರಿಗೆ ಮಾತ್ರ ಒಂದು ರಾತ್ರಿಗಿಂತ ಹೆಚ್ಚಿನ ಕೆಲಸ ನನಗೆ ಕಾಣಲಿಲ್ಲ.

ಹ್ಯಾನೋವರ್‌ನ ಕೈಗಾರಿಕಾ ಮೇಳದ ಕಥೆಯೇ ಬೇರೆ. ಯುದ್ಧದಲ್ಲಿ ಹಾಳಾಗಿದ್ದ ಊರಿನಲ್ಲಿ 1947ರಲ್ಲಿ ಬ್ರಿಟಿಷ್ ಆಡಳಿತದ ಕಾಲಕ್ಕೆ ಆರಂಭವಾದ ಈ ಮೇಳಕ್ಕೆ ಬಂದವರಿಗೆ ರೇಷನ್ ಚೀಟಿ ಇಲ್ಲದೆಯೇ ಮೀನು ತುಂಬಿದ ಬ್ರೆಡ್ ಸಿಗುತ್ತಿತ್ತಂತೆ. ಅದಕ್ಕೇ ಅದನ್ನು ಮೀನು ಬ್ರೆಡ್ಡಿನ ಮೇಳ ಎಂದು ಕರೆದರು. ಆಗ ಹೋಟೆಲುಗಳು ಸಾಲದೆ, ಊರಿನ ಗೃಹಿಣಿಯರು ತಮ್ಮ ಮನೆಯ ಕೋಣೆಗಳನ್ನು ವರ್ತಕರಿಗೆ ಬಾಡಿಗೆಗೆ ಕೊಟ್ಟು 'ಮೇಳದ ಅಮ್ಮಂದಿರು' ಎಂದು ಹೆಸರಾದರು. ಎಲ್ಲಮ್ಮನ ಜಾತ್ರೆಯಲ್ಲಿ ಸವದತ್ತಿಯ ಮನೆಗಳು ತುಂಬುವುದನ್ನು ಕಂಡವರಿಗೆ ಇದು ಹೊಸದೆನಿಸದು. ಹೈಡ್ರಾಲಿಕ್ಸ್ ತಯಾರಕರನ್ನು ಒಂದೇ ಕಡೆ ನೋಡಬೇಕೆಂದರೆ ಏಪ್ರಿಲ್ ತಿಂಗಳ ಆ ಮೇಳಕ್ಕೆ ಸಾಟಿಯಿಲ್ಲ. 2015ರಲ್ಲಿ ಭಾರತವೇ ಅದರ ಪಾಲುದಾರ ದೇಶವಾಗಿತ್ತು. ಮುಖ್ಯ ರೈಲು ನಿಲ್ದಾಣದಿಂದ 8ನೇ ನಂಬರಿನ ಟ್ರಾಮ್ ಸುಮಾರು ಇಪ್ಪತ್ತು ನಿಮಿಷದಲ್ಲಿ ಮೇಳದ ಬಾಗಿಲಿಗೆ ಒಯ್ಯುತ್ತದೆ. ಆದರೆ ವಾಸ್ತವ್ಯದ ಖರ್ಚು ಕೇಳಬೇಡಿ. ನಾನು ಉಳಿದ ಹೋಟೆಲೊಂದು ಮೇಳದ ವಾರದಲ್ಲಿ ಕೇಳಿದ ಬಾಡಿಗೆಯ ಮೂರನೆಯ ಒಂದು ಭಾಗಕ್ಕೆ ಮರುವಾರ ಅದೇ ಕೋಣೆಯನ್ನು ಕೊಡುತ್ತಿತ್ತು. ಅಷ್ಟು ಕೊಟ್ಟ ಮೇಲೂ ಕಿಟಕಿ ತೆರೆದರೆ ಎದುರಿಗೆ ಗೋಡೆ. ಅದಕ್ಕಿಂತ ದೊಡ್ಡ ಪಾಠವೆಂದರೆ, ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಮಳಿಗೆಯಿಂದ ಮಳಿಗೆಗೆ ಅಲೆದ ನನಗೆ ಖರೀದಿ ವಿಭಾಗದವರು ಯಾರೂ ಸಿಗದೆ, ಕೈಯಲ್ಲಿ ಕ್ಯಾಟಲಾಗುಗಳ ಚೀಲವಷ್ಟೇ ಉಳಿಯಿತು.

ಡ್ಯೂಸೆಲ್‌ಡಾರ್ಫ್‌ಗೆ ನಾನು ಮೊದಲು ಹೋದದ್ದು 2023ರ ಜೂನ್‌ನಲ್ಲಿ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಗೀಫಾ ಎಂಬ ಫೌಂಡ್ರಿ ಮೇಳಕ್ಕೆ. ಅಚ್ಚು ಮಾಡುವ ಮೌಲ್ಡಿಂಗ್ ಯಂತ್ರ, ಕೋರ್ (ಕಾಸ್ಟಿಂಗ್ ಒಳಗೆ ಟೊಳ್ಳು ಉಳಿಸುವ ಮರಳಿನ ಅಚ್ಚು) ತಯಾರಿಕೆ, ಮರಳಿನ ಮರುಬಳಕೆ, ಕುಲುಮೆ, ಎಲ್ಲವೂ ಅಲ್ಲಿ ಕಣ್ಣೆದುರಿಗೆ ನಡೆಯುತ್ತಿರುತ್ತವೆ; ನಮ್ಮಲ್ಲಿ ಬ್ಲೋಹೋಲ್ (ಒಳಗೆ ಗಾಳಿ ಸಿಕ್ಕಿ ಆಗುವ ತೂತು) ಬಂದು ತಿರಸ್ಕೃತವಾಗುವ ಕಾಸ್ಟಿಂಗ್‌ಗಳ ಬಗ್ಗೆ ಹತ್ತು ಜನರನ್ನು ಕೇಳಿ ಹತ್ತು ಉತ್ತರ ಪಡೆಯಬಹುದು. ಆದರೆ ಈ ಊರಿನ ನಿಜವಾದ ಬೆಲೆ ನನಗೆ ತಿಳಿದದ್ದು ಯಾವ ಮೇಳವೂ ಇಲ್ಲದ ನವೆಂಬರ್‌ನಲ್ಲಿ ಮತ್ತೆ ಹೋದಾಗ. ಡ್ಯೂಯಿಸ್‌ಬರ್ಗ್, ಎಸ್ಸೆನ್, ಕಲೋನ್ ಎಲ್ಲವೂ ಲೋಕಲ್ ರೈಲಿನ ದಾರಿಯಲ್ಲಿವೆ, ನೆದರ್ಲೆಂಡ್ಸ್‌ನ ವೆನ್ಲೊ ಪಟ್ಟಣವೂ ಸುಮಾರು ಒಂದು ಗಂಟೆಯ ದೂರದಲ್ಲಿದೆ. ಒಂದೇ ಕೋಣೆಯಲ್ಲಿದ್ದುಕೊಂಡು ಐದು ದಿನದಲ್ಲಿ ನಾಲ್ಕು ಕಾರ್ಖಾನೆ ನೋಡಿದೆ. ರಾಟರ್‌ಡ್ಯಾಮ್‌ನಲ್ಲಿ ಇಳಿದ ಕಂಟೇನರುಗಳು ರೈನ್ ನದಿಯ ಮೇಲೆ ದೋಣಿಯಲ್ಲಿ ಡ್ಯೂಯಿಸ್‌ಬರ್ಗ್‌ನ ಒಳನಾಡು ಬಂದರಿಗೆ ಬರುವುದನ್ನು ಕಂಡ ಮೇಲೆ, ಗಿರಾಕಿಗಳು ಆ ಬಂದರಿನವರೆಗಿನ ದರವನ್ನೇ ಏಕೆ ಕೇಳುತ್ತಿದ್ದರು ಎಂಬುದೂ ಅರ್ಥವಾಯಿತು.

ಕೊರತೆಗಳೂ ಇವೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಆದ್ದರಿಂದ ಶನಿವಾರವೇ ಹಾಲು, ಹಣ್ಣು ತಂದಿಟ್ಟುಕೊಳ್ಳಬೇಕು. ಜರ್ಮನರ ಸಮಯಪಾಲನೆಯ ಖ್ಯಾತಿಯನ್ನು ನಂಬಿ ಒಂದು ರೈಲಿನಿಂದ ಇನ್ನೊಂದಕ್ಕೆ ಹತ್ತು ನಿಮಿಷದ ಅಂತರ ಇಟ್ಟುಕೊಳ್ಳಬೇಡಿ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ವೇಳೆಗೆ ತಲುಪಿದವು ಶೇ. 62.5 ಮಾತ್ರ. ಸಸ್ಯಾಹಾರಿಗಳಿಗೆ ಊಟದ ತೊಂದರೆ ಡ್ಯೂಸೆಲ್‌ಡಾರ್ಫ್‌ನಲ್ಲಿ ಕಡಿಮೆ, ಆದರೂ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ನನ್ನ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತವೆ.

ವೀಸಾದ ಅರ್ಜಿಯನ್ನು ನಾನು ಬೆಂಗಳೂರಿನಲ್ಲಿ ಕೊಟ್ಟೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ತಲುಪಿದರೆ ಒಂದು ದಿನದ ಕೆಲಸ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದಾದ್ದರಿಂದ, 2027ರ ಜೂನ್‌ನ ಗೀಫಾಕ್ಕೆ ಹೋಗಬೇಕೆನ್ನುವವರು ಕೊನೆಯ ಗಳಿಗೆಯವರೆಗೆ ಕಾಯಬೇಕಾಗಿಲ್ಲ.

ಗಿರಾಕಿಗೆ ಬೆಳಗಾವಿಯ ಕುಂದಾ ಒಯ್ಯಬೇಕೆಂಬ ಆಸೆ ನನಗೆ ಬಹಳವಿತ್ತು. ಪ್ರಯಾಣಿಕರು ಹೊರಗಿನ ದೇಶಗಳಿಂದ ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವುದಕ್ಕೆ ನಿಷೇಧವಿರುವುದು ತಿಳಿದು, ಕಟ್ಟಿಸಿದ್ದ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟು ಶೇಂಗಾ ಉಂಡೆ ಒಯ್ದೆ. ಕಳೆದ ವರ್ಷ ಅವರೇ ಸ್ಯಾಂಪಲ್ ಪರೀಕ್ಷಿಸಲು ಉದ್ಯಮಬಾಗಕ್ಕೆ ಬಂದಾಗ ಕುಂದಾ ಬಡಿಸಿದೆವು. ಎರಡು ಸಲ ಕೇಳಿ ಹಾಕಿಸಿಕೊಂಡರು.