ಗ್ರಿಟ್ವಿಕನ್ನಾ, ವೇಲರ್ಸ್ ಬೇನಾ? ಎರಡೂ ಕಡೆ ಇಳಿದು ನೋಡಿದ್ಮೇಲೆ ನನಗನ್ಸಿದ್ದು

ಅಂಟಾರ್ಕ್ಟಿಕಾ ಕ್ರೂಸ್‌ಗೆ ಹೊರಡೋರು ತುಂಬಾ ಜನ ಕೇಳ್ತಾರೆ, ಹಳೇ ತಿಮಿಂಗಿಲ ಬೇಟೆ ಸ್ಟೇಷನ್ ನೋಡೋಕೆ ಡಿಸೆಪ್ಷನ್ ದ್ವೀಪದ ವೇಲರ್ಸ್ ಬೇ ಸಾಕಾ, ಇಲ್ಲಾ ದುಡ್ಡು ಜಾಸ್ತಿ ಆದ್ರೂ ಸೌತ್ ಜಾರ್ಜಿಯಾ ದ್ವೀಪದ ಗ್ರಿಟ್ವಿಕನ್‌ಗೂ ಹೋಗ್ಬೇಕಾ ಅಂತ. ನನ್ನ ಓಟು ಗ್ರಿಟ್ವಿಕನ್‌ಗೆ.

ನೋಟ ಅಂತ ಬಂದ್ರೆ ವೇಲರ್ಸ್ ಬೇನೇ ಮೇಲು, ಅದ್ರಲ್ಲಿ ಎರಡು ಮಾತಿಲ್ಲ. ನೆಪ್ಚೂನ್ಸ್ ಬೆಲೋಸ್ ಅನ್ನೋ ಇಕ್ಕಟ್ಟು ದಾರೀಲಿ ಹಡಗು ಸೀದಾ ಜ್ವಾಲಾಮುಖಿ ಒಳಗಡೆನೇ ಹೋಗತ್ತೆ, ಇಳಿದ್ರೆ ಕಪ್ಪು ಮರಳು, ದಡದಲ್ಲಿ ಹಬೆ, ಗಂಧಕದ ವಾಸನೆ, ಹಿಂದೆ ತುಕ್ಕು ಹಿಡಿದ ದೊಡ್ಡ ದೊಡ್ಡ ಎಣ್ಣೆ ಟ್ಯಾಂಕ್‌ಗಳು. 1912ರಿಂದ 1931ರವರೆಗೆ ನಾರ್ವೆಯವರ ಹೆಕ್ಟರ್ ಕಂಪನಿ ಇಲ್ಲಿ ತಿಮಿಂಗಿಲದಿಂದ ಎಣ್ಣೆ ತೆಗೀತಿತ್ತು. ಆಮೇಲೆ ಎಣ್ಣೆ ರೇಟು ಬಿತ್ತು, ಸಮುದ್ರದಲ್ಲೇ ಎಲ್ಲಾ ಮುಗಿಸೋ ಫ್ಯಾಕ್ಟರಿ ಹಡಗುಗಳೂ ಬಂದ್ವು, ಮುಚ್ಚಿಬಿಟ್ರು. 1969ರ ಸ್ಫೋಟದ ಕೆಸರು ಬೇರೆ ಹರಿದು ಸ್ಮಶಾನನೂ ಮುಚ್ಚಿಹೋಯ್ತು. ಕಟ್ಟಡದೊಳಗೆ ಬಿಡಲ್ಲ, ಹೊರಗಿಂದ ನೋಡಿದ್ರೆ ಯಾವ ಮೆಷಿನ್ ಏನು ಮಾಡ್ತಿತ್ತು ಅಂತ ಗೈಡ್ ಹೇಳದಿದ್ರೆ ಗೊತ್ತೇ ಆಗಲ್ಲ.

ಗ್ರಿಟ್ವಿಕನ್ ಹಾಗಲ್ಲ. 1904ರಲ್ಲಿ ಕಾರ್ಲ್ ಆಂಟನ್ ಲಾರ್ಸನ್ ಶುರು ಮಾಡಿದ್ದು, 1960ರ ದಶಕದವರೆಗೂ ನಡೀತು. ಉಸಿರಿಗೆ ಅಪಾಯದ ಆಸ್ಬೆಸ್ಟಾಸ್, ಉಳಿದಿದ್ದ ಎಣ್ಣೆ ಎಲ್ಲಾ ತೆಗೆದು ಕ್ಲೀನ್ ಮಾಡಿರೋದ್ರಿಂದ ಮೆಷಿನ್‌ಗಳ ಮಧ್ಯೆನೇ ನಡೀಬಹುದು. ನೀರಂಚಲ್ಲಿ ಒಂದು ವಿಶಾಲ ಅಂಗಳ ಇದೆ, ತಿಮಿಂಗಿಲನ ಅಲ್ಲಿಗೆ ಎಳೆದು ಹಾಕಿ, ಉದ್ದ ಹಿಡಿಯ ಕತ್ತಿಯಿಂದ ಸೀಳಿ, ವಿಂಚ್‌ನಲ್ಲಿ ಕೊಬ್ಬಿನ ಪಟ್ಟಿನ ಬಾಳೆಹಣ್ಣು ಸುಲಿದ ಹಾಗೆ ಎಳೀತಿದ್ರಂತೆ. ಪಕ್ಕದಲ್ಲೇ ಕೊಬ್ಬು ಬೇಯಿಸೋ ಕಡಾಯಿಗಳು, ಮೂಳೆ ಕೊಯ್ಯೋ ಗರಗಸ, ದಡಕ್ಕೆ ಹತ್ತಿಸಿಟ್ಟ 'ಪೆಟ್ರೆಲ್' ಹಡಗು, ಅದರ ಮೂತೀಲಿ ತಿಮಿಂಗಿಲಕ್ಕೆ ಈಟಿ ಹೊಡೆಯೋ ಹಾರ್ಪೂನ್ ಗನ್. ಬೇಟೆಯಿಂದ ಎಣ್ಣೆವರೆಗೂ ಇಡೀ ಕೆಲಸ ಒಂದು ಸುತ್ತು ನಡೆದ್ರೆ ಅರ್ಥ ಆಗತ್ತೆ. ಸೌತ್ ಜಾರ್ಜಿಯಾದ ಸ್ಟೇಷನ್‌ಗಳಲ್ಲಿ ಒಟ್ಟು 1,75,000ಕ್ಕೂ ಹೆಚ್ಚು ತಿಮಿಂಗಿಲ ಹೀಗೆ ಹೋದ್ವು. ಈ ಸಂಖ್ಯೆನ ಓದಿದಾಗ ಏನೂ ಅನ್ಸಿರ್ಲಿಲ್ಲ, ಆ ಅಂಗಳದ ಈ ತುದಿಯಿಂದ ಆ ತುದಿಗೆ ನಡೆದಾಗ ಹೊಟ್ಟೆ ಕಿವುಚಿ ಬಂತು.

ಮ್ಯಾನೇಜರ್ ಮನೆನೇ ಈಗ ಮ್ಯೂಸಿಯಂ, 1913ರ ಚರ್ಚ್ ಇದೆ, ಸ್ಮಶಾನದಲ್ಲಿ ಬೇಟೆಗಾರರ ಜೊತೆ ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಸಮಾಧಿನೂ ಇದೆ. ಎಲ್ಲರೂ ಅಲ್ಲಿಗೇ ಓಡ್ತಾರೆ, ನೀವು ಮೊದಲು ಮೆಷಿನ್‌ಗಳ ಹತ್ರ ಹೋಗಿ, ಸಮಾಧಿ ಆಮೇಲೆ ನೋಡಬಹುದು.

ಕಷ್ಟ ಇಲ್ಲ ಅಂತಲ್ಲ. ಸಮುದ್ರದಲ್ಲೇ ಎಷ್ಟೋ ದಿನ ಹೋಗತ್ತೆ, ಇಳಿಯೋ ಮುಂಚೆ ಬೂಟು, ಜಾಕೆಟ್‌ನ ವೆಲ್ಕ್ರೋದಲ್ಲಿ ಒಂದು ಬೀಜನೂ ಇರಬಾರ್ದು ಅಂತ ಚೆಕ್ ಮಾಡ್ತಾರೆ. ಕಿರಿಕಿರಿ ಅನ್ಸಬಹುದು, ಆದ್ರೆ ಹೊರಗಿನ ಗಿಡ, ಪ್ರಾಣಿ ಒಳಗೆ ಬರಬಾರ್ದು ಅಂತ ಇದು, ಕಷ್ಟಪಟ್ಟು ಇಲಿ ಓಡಿಸಿ 2018ರಲ್ಲಿ ಇಲಿಮುಕ್ತ ಅಂತ ಘೋಷಿಸಿದ ದ್ವೀಪ ಅದು, ಮಾಡಲೇಬೇಕು.

ಅದೇ ದ್ವೀಪದ ಸ್ಟ್ರೋಮ್‌ನೆಸ್ ಸ್ಟೇಷನ್‌ಗೆ ಅಂತ ಮಾತ್ರ ಹೋಗ್ಬೇಡಿ, 200 ಮೀಟರ್ ದೂರದಿಂದ ನೋಡಬೇಕು ಅಷ್ಟೇ. ಹತ್ತು ಹನ್ನೊಂದು ದಿನದ ಟ್ರಿಪ್‌ಗಷ್ಟೇ ಬಜೆಟ್ ಇದ್ರೆ ವೇಲರ್ಸ್ ಬೇಗೆ ಖುಷಿಯಾಗಿ ಹೋಗಿ, ಜಾಸ್ತಿ ರಜೆ, ದುಡ್ಡು ಎರಡೂ ಇದ್ರೆ ಗ್ರಿಟ್ವಿಕನ್ ಬಿಡಬೇಡಿ, ಬುಕ್ ಮಾಡೋವಾಗ್ಲೇ ಅಲ್ಲಿ ಗೈಡ್ ಜೊತೆ ಸ್ಟೇಷನ್ ಸುತ್ತಿಸ್ತಾರಾ ಅಂತ ಕೇಳ್ಕೊಳ್ಳಿ.