ಬಿಪಿ ಮೆಷಿನ್ ಒಳ್ಳೆಯದೇ, ಕಫ್ ಮಾತ್ರ ನನ್ನ ತೋಳಿಗಲ್ಲ

ಮನೆಯಲ್ಲೇ ಬಿಪಿ ನೋಡಿಕೊಳ್ಳುವ ಈ ಮೆಷಿನ್ ತಗೊಂಡು ಎರಡು ವರ್ಷದ ಮೇಲಾಯಿತು. ಪರದೆ ಎಷ್ಟು ದೊಡ್ಡದು, ಎಷ್ಟು ರೀಡಿಂಗ್ ನೆನಪಿಟ್ಟುಕೊಳ್ಳುತ್ತದೆ, ಬ್ಲೂಟೂತ್ ಇದೆಯಾ ಅನ್ನುವುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ. ನನ್ನ ತಕರಾರು ತೋಳಿಗೆ ಸುತ್ತುವ ಆ ಪಟ್ಟಿಯ ಬಗ್ಗೆ. ಕಫ್ ಅಂತಾರಲ್ಲ, ಅದು.

ಡಬ್ಬದಲ್ಲಿ ಬರುವುದು ಒಂದೇ ಕಫ್. ಸುತ್ತಳತೆ 22ರಿಂದ 32 ಸೆಂಟಿಮೀಟರ್ ಇರುವ ತೋಳಿಗೆ ಮಾತ್ರ. ಈ ಮಾತು ಡಬ್ಬದ ಮುಂದೆ ಎಲ್ಲೂ ಇಲ್ಲ, ಕಫ್‌ನ ಒಳಮೈಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿದೆ. ನನ್ನ ತೋಳು 36. ಇದೇನು ಅಪರೂಪದ ತೋಳಾ? ಬಿಪಿ ಇರುವವರಲ್ಲಿ ತೂಕ ಜಾಸ್ತಿ ಇರುವವರು ಎಷ್ಟೊಂದು ಜನ! ಮೆಷಿನ್ ಬೇಕಾಗುವುದೇ ನಮ್ಮಂಥವರಿಗೆ, ಕಫ್ ಮಾತ್ರ ಸಣ್ಣ ತೋಳಿನವರಿಗೆ.

ಅಳತೆ ಆಗದಿದ್ದರೆ ಮೆಷಿನ್ ಕೆಲಸವನ್ನೇ ಮಾಡಬಾರದಿತ್ತು. ಹಾಗಾಗಲಿಲ್ಲ. ವೆಲ್ಕ್ರೋ ತುದಿಗೆ ತುದಿ ಹೇಗೋ ಅಂಟಿಕೊಂಡಿತು, ಗಾಳಿ ತುಂಬಿತು, 150ರ ಹತ್ತಿರದ ನಂಬರ್ ಠೀವಿಯಿಂದ ಬಂತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ವಾರಗಟ್ಟಲೆ ಹೀಗೇ.

ಸಾಮಾನ್ಯವಾಗಿ ಕ್ಲಿನಿಕ್‌ನಲ್ಲಿ ಜಾಸ್ತಿ ಬರುತ್ತದೆ, ಮನೆಯಲ್ಲಿ ಕಡಿಮೆ. ಡಾಕ್ಟರ ಬಿಳಿ ಕೋಟು ಕಂಡರೇ ಬಿಪಿ ಏರುವವರು ಬೇಕಾದಷ್ಟು ಜನ. ನನ್ನದು ಉಲ್ಟಾ ಆಗಿತ್ತು. ನಾನು ಬರೆದುಕೊಂಡು ಹೋಗಿದ್ದ ನಂಬರುಗಳನ್ನು ನೋಡಿ ಡಾಕ್ಟರು ಮಾತ್ರೆ ಜಾಸ್ತಿ ಮಾಡುವ ಮೊದಲು ಒಂದು ಮಾತು ಹೇಳಿದರು: "ಆ ಮೆಷಿನ್ ತಗೊಂಡು ಬನ್ನಿ, ಕಫ್ ಸಮೇತ." ತಗೊಂಡು ಹೋದೆ. ಟೇಪಿನಿಂದ ತೋಳು ಅಳೆದು ನಕ್ಕರು. ಅವರ ದೊಡ್ಡ ಕಫ್ ಸುತ್ತಿ ನೋಡಿದರೆ 140ರ ಒಳಗೇ ಇತ್ತು.

ಕಾರಣ ಸರಳ. ಕಫ್ ಒಳಗಿನ ಗಾಳಿಚೀಲ ತೋಳನ್ನು ಸಾಕಷ್ಟು ಬಳಸಿರಬೇಕು. ಚಿಕ್ಕದಾದರೆ ಒಳಗಿನ ರಕ್ತನಾಳವನ್ನು ಅದುಮಲು ಹೆಚ್ಚು ಒತ್ತಡ ಬೇಕಾಗುತ್ತದೆ. ಆ ಹೆಚ್ಚಿನ ಒತ್ತಡವನ್ನೇ ಮೆಷಿನ್ ನಿಮ್ಮ ಬಿಪಿ ಅಂತ ಬರೆದುಬಿಡುತ್ತದೆ. 2023ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ದೊಡ್ಡ ಕಫ್ ಬೇಕಾದವರಿಗೆ ಮಾಮೂಲಿ ಕಫ್ ಹಾಕಿದಾಗ ಮೇಲಿನ ನಂಬರ್ ಸರಾಸರಿ 5ರಷ್ಟು ಜಾಸ್ತಿ ಬಂತು. ಅದಕ್ಕಿಂತಲೂ ದೊಡ್ಡದು, ಅಂದರೆ ಎಕ್ಸ್‌ಟ್ರಾ ಲಾರ್ಜ್ ಬೇಕಾದವರಿಗೆ 19.5! ಸಣಕಲು ತೋಳಿನವರಿಗೆ ಇದೇ ಕಫ್ ಉಲ್ಟಾ ಹೊಡೆಯುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದು ಇನ್ನೂ ಅಪಾಯ, ಯಾಕಂದರೆ ಕಡಿಮೆ ಬಂದರೆ ಯಾರೂ ಅನುಮಾನ ಪಡುವುದಿಲ್ಲ.

ದೊಡ್ಡ ಕಫ್ ಬೇರೆಯಾಗಿ ಸಿಗುತ್ತದೆ, ಬೇರೆ ದುಡ್ಡಿಗೆ. ಬೇರೆ ಕಂಪನಿಯ ಅಗ್ಗದ ಕಫ್ ಸಿಕ್ಕಿಸುವ ಹಾಗೂ ಇಲ್ಲ. ಗಾಳಿ ಇಳಿಯುವಾಗ ಕಫ್‌ಗೆ ತಾಗುವ ಸಣ್ಣ ಮಿಡಿತಗಳನ್ನು ಹಿಡಿದು, ತನ್ನದೇ ಸೂತ್ರದಿಂದ ಮೇಲಿನ ನಂಬರ್, ಕೆಳಗಿನ ನಂಬರ್ ಲೆಕ್ಕ ಹಾಕುವ ಮೆಷಿನ್ ಇದು. ಆ ಸೂತ್ರ ಅವರವರ ಕಫ್‌ಗೆ ಹೊಂದಿಸಿದ್ದು. ತಿಂಗಳ ಖರ್ಚನ್ನು ಲೆಕ್ಕ ಹಾಕಿ ಮಾಡುವ ನನಗೆ ಇದು ಸುಮ್ನೆ ಬಿದ್ದ ಬರೆ. ಆದರೂ ಕೊಂಡೆ. ಪ್ರತಿ ತಿಂಗಳೂ ಬೇಡದ ಮಾತ್ರೆ ನುಂಗುವುದಕ್ಕಿಂತ ವಾಸಿ, ಅಲ್ವಾ?

ಕಫ್ ಬದಲಾದ ಮೇಲೆ ಈ ಮೆಷಿನ್ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿದೆ. ಅದಕ್ಕೆ ಕಾರಣ ಮೆಷಿನ್ ಅಲ್ಲ, ಅದರ ಮುಂದೆ ಕೂರುವ ಐದು ನಿಮಿಷ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮುಂಚೆ, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕೂರುತ್ತೇನೆ. ಎರಡೂ ಪಾದ ನೆಲದ ಮೇಲೆ. ಕಾಲ ಮೇಲೆ ಕಾಲು ಹಾಕುವ ಹಾಗಿಲ್ಲ, ಅದಕ್ಕೂ ಬಿಪಿ ಏರುತ್ತದೆ. ಕಫ್ ಸುತ್ತುವುದು ಬಟ್ಟೆ ಇಲ್ಲದ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ನನ್ನ ಮೇಜು ತಗ್ಗು, ಅದಕ್ಕೆ ಒಂದು ದಿಂಬು. ದಿಂಬು ಯಾಕೆ ಅಂತ ನಗಬೇಡಿ. ಅದೇ ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ ತೋರಿಸಿದ ಪ್ರಕಾರ ಕೈ ತೊಡೆಯ ಮೇಲಿದ್ದರೆ ಮೇಲಿನ ನಂಬರ್ ಸುಮಾರು 4 ಜಾಸ್ತಿ, ಪಕ್ಕದಲ್ಲಿ ಜೋತುಬಿದ್ದಿದ್ದರೆ 6.5 ಜಾಸ್ತಿ.

ಆಮೇಲೆ ಐದು ನಿಮಿಷ ಏನೂ ಮಾಡುವ ಹಾಗಿಲ್ಲ. ಮಾತಾಡಬಾರದು, ಫೋನ್ ನೋಡಬಾರದು. ಮೊದಮೊದಲು ಚಡಪಡಿಕೆ. ಈಗ ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಇದೊಂದೇ. ಕೇಳಿದರೆ ಕಫ್ ತೋರಿಸುತ್ತೇನೆ, ಹೋಗಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಕೆಲವು ದಿನ ಐದು ನಿಮಿಷ ಮುಗಿದ ಮೇಲೂ ಬಟನ್ ಒತ್ತದೆ ಕೂತಿರುತ್ತೇನೆ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡುತ್ತೇನೆ. ಮೊದಲನೆಯದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ಇರುತ್ತದೆ. ಎರಡನ್ನೂ ಪೆನ್ಸಿಲ್‌ನಲ್ಲಿ ಬರೆದು, ವಾರಕ್ಕೊಮ್ಮೆ ಸರಾಸರಿ ಹಾಕುತ್ತೇನೆ. ಒಂದೊಂದು ರೀಡಿಂಗ್ ನೋಡಿ ಗಾಬರಿಯಾಗುವ ಚಾಳಿ ಹೀಗೆ ಬಿಟ್ಟುಹೋಯಿತು.

ಪೆನ್ಸಿಲ್ ಯಾಕೆ ಅಂದರೆ ಆ್ಯಪ್ ತಲೆ ಕೆಡಿಸುತ್ತದೆ. 132 ಬಂದರೆ ಮೆಷಿನ್ ಮೇಲೆ ಹಸಿರು ದೀಪ, ಆ್ಯಪ್‌ನಲ್ಲಿ ಕಿತ್ತಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬಿಪಿ ಜಾಸ್ತಿ ಅನ್ನುವ ಗಡಿಯನ್ನು ಅಮೆರಿಕದವರು 2017ರಲ್ಲಿ 130/80ಕ್ಕೆ ಇಳಿಸಿದರು. ಯುರೋಪಿನವರು ಕ್ಲಿನಿಕ್‌ನಲ್ಲಿ 140/90, ಮನೆಯಲ್ಲಿ ನೋಡಿದರೆ 135/85 ಅನ್ನುತ್ತಾರೆ. ಒಂದೇ ಕಂಪನಿಯ ಮೆಷಿನ್‌ಗೆ ಒಂದು ನಿಯಮ, ಆ್ಯಪ್‌ಗೆ ಇನ್ನೊಂದು! ನನ್ನ ಗುರಿ ಎಷ್ಟು ಅಂತ ಡಾಕ್ಟರು ಹೇಳಿದ್ದಾರೆ, ಬಣ್ಣ ನೋಡುವುದನ್ನು ಬಿಟ್ಟೆ.

ಬ್ಯಾಟರಿ ಬಗ್ಗೆ ದೂರಿಲ್ಲ. ಗಾಳಿಯ ಕೊಳವೆ ಬುಡದಲ್ಲಿ ಸ್ವಲ್ಪ ಸಡಿಲವಾಗಿದೆ, ಸದ್ಯಕ್ಕೆ ನಡೆಯುತ್ತಿದೆ. ಎದೆಬಡಿತ ಲಯ ತಪ್ಪುವ ತೊಂದರೆ ಇರುವವರು ಕೊಳ್ಳುವ ಮೊದಲು ಡಾಕ್ಟರನ್ನು ಕೇಳಿ, ಇಂಥ ಮೆಷಿನ್‌ಗಳ ಲೆಕ್ಕ ಅವರಲ್ಲಿ ಏರುಪೇರಾಗುತ್ತದೆ. ಮಣಿಕಟ್ಟಿನ ಮಾಡೆಲ್ ಚಿಕ್ಕದಾಗಿ ಮುದ್ದಾಗಿದೆ ಅಂತ ಅದಕ್ಕೆ ಮನಸೋಲಬೇಡಿ, ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ನಂಬರ್ ಬದಲಾಗುತ್ತದೆ.

ದೊಡ್ಡ ಕಫ್ ಬಗ್ಗೆ ಕಂಪನಿಗೂ ಬರೆದೆ. ಕೊಳ್ಳುವಾಗಲೇ ತೋಳಿನ ಅಳತೆ ಕೇಳಿ, ಅದಕ್ಕೆ ತಕ್ಕ ಕಫ್ ಡಬ್ಬಕ್ಕೆ ಹಾಕಿ ಅಂದೆ. ನಿಮ್ಮ ಅನಿಸಿಕೆಗೆ ಧನ್ಯವಾದ ಅಂತ ಉತ್ತರ ಬಂತು, ಜೊತೆಗೆ ಹೊಸ ಮಾಡೆಲ್‌ನ ಜಾಹೀರಾತು. ನೋಡಿದೆ. ಅದರಲ್ಲೂ 22ರಿಂದ 32. ಮೂರು ಸ್ಟಾರ್.